ನಿವೇಶನಕ್ಕೆ ಅಡ್ವಾನ್ಸ್ ಕೊಡುವ ಮುನ್ನ

ವ್ಯಾಪಾರದ ಧಾರ್ಮಿಕ ನಿಯಮಗಳನ್ನು ತಿಳಿಯದವನು ನಮ್ಮ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡಬಾರದು ಎಂದು ಹ. ಉಮರ್(ರ) ತಮ್ಮ ಆಡಳಿತ ಕಾಲದಲ್ಲಿ ಹೇಳಿದ್ದರೆಂದು ತಿರ್ಮಿದಿಯಲ್ಲಿ ವರದಿಯಾಗಿದೆ. ಬಂಡವಾಳ ಎಷ್ಟಿದೆ ಎಂಬುದು ಅವರ ಮೊದಲ ಪ್ರಶ್ನೆಯಾಗಿರಲಿಲ್ಲ. ತಿಳಿವಳಿಕೆ ಎಷ್ಟಿದೆ ಎಂಬುದಾಗಿತ್ತು. ಕಳೆದ ಕೆಲವು ವರ್ಷಗಳಿಂದ ಮದ್ದೂರು, ಕೆ.ಎಂ. ದೊಡ್ಡಿ, ಚಿಕ್ಕರಸಿನಕೆರೆ, ಮಳವಳ್ಳಿ ಕಡೆಯ ನಮ್ಮ ಕುಟುಂಬಗಳಲ್ಲಿ ಜಮೀನಿನ ಮಾತು ಹೆಚ್ಚಾಗಿದೆ. ಹೀಗಾಗಿ ಜುಮಾ ಖುತ್ಬಾಗಳಲ್ಲಿ ಆಗಾಗ ಕೇಳುವ ಹಲಾಲ್ ಸಂಪಾದನೆಯ ವಿಷಯವನ್ನು ಈ ಬಾರಿ ಪಹಣಿ, ಕ್ರಯಪತ್ರಗಳ ಮಟ್ಟಕ್ಕೆ ಇಳಿಸಿ ನೋಡೋಣ ಎಂದುಕೊಂಡಿದ್ದೇವೆ.

ಈ ಆಸಕ್ತಿಗೆ ಎರಡು ಕಾರಣಗಳು ಎದ್ದು ಕಾಣುತ್ತವೆ. ಮೊದಲನೆಯದು ರಸ್ತೆ. 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ನಮ್ಮದೇ ತಾಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಮುಂಚೆ, 2020ರಲ್ಲಿ, ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಲಾಗಿತ್ತು. ಆಗಿನಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ಎರಡನೆಯ ಕಾರಣವನ್ನು ನಮ್ಮ ಸಮುದಾಯ ಅಷ್ಟು ಬೇಗ ಮರೆಯಲಾರದು. 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಎಂಎ ಸಂಸ್ಥೆ ಹಲಾಲ್ ಹೂಡಿಕೆ ಎಂಬ ಹೆಸರಿನಲ್ಲಿ ಹಣ ಸಂಗ್ರಹಿಸಿ, ತಿಂಗಳು ತಿಂಗಳು ಲಾಭಾಂಶ ಕೊಡುತ್ತಾ ಬಂದು, 2019ರ ಜೂನ್‌ನಲ್ಲಿ ಕುಸಿಯಿತು. ಅದರ ಮುಖ್ಯಸ್ಥ ದೇಶ ಬಿಟ್ಟು ಹೋಗಿ, ಜುಲೈ 19ರಂದು ದೆಹಲಿ ವಿಮಾನ ನಿಲ್ದಾಣದಲ್ಲಿ ಬಂಧನಕ್ಕೆ ಒಳಗಾದರು. ದೂರು ಕೊಟ್ಟವರ ಸಂಖ್ಯೆಯೇ 40,000 ದಾಟಿತು. ಮಗಳ ಮದುವೆಗೆಂದು, ಹಜ್‌ಗೆಂದು ಕೂಡಿಟ್ಟಿದ್ದ ಹಣವೂ ಅದರಲ್ಲಿತ್ತು.

ಅಂದಿನಿಂದ ನಮ್ಮ ಹಿರಿಯರು ಹೇಳುವ ಮಾತು ಒಂದೇ: ಕಂಪನಿ ಓಡಿಹೋಗುತ್ತದೆ, ಜಮೀನು ಓಡಿಹೋಗುವುದಿಲ್ಲ. ಮಾತು ಸರಿಯೇ. ಆದರೆ ಆ ಜಮೀನು ಬೇರೆಯವರ ಹೆಸರಿನಲ್ಲಿ ಅಲ್ಲೇ ಇರಬಹುದು. ಐಎಂಎಗೆ ಹಣ ಹಾಕಿದವರಲ್ಲಿ ಬಹಳ ಜನ ಆ ಸಂಸ್ಥೆ ಲಾಭವನ್ನು ಯಾವ ವ್ಯಾಪಾರದಿಂದ ತರುತ್ತಿದೆ ಎಂದು ಕೇಳಿರಲಿಲ್ಲ. ಹೇಳುವವರ ಗಡ್ಡ, ಟೋಪಿ, ಪರಿಚಯವೇ ಅವರಿಗೆ ಸಾಕಾಗಿತ್ತು. ನಿವೇಶನ ಕೊಳ್ಳುವಾಗಲೂ ‘ನಮ್ಮವರೇ ಮಾರುತ್ತಿದ್ದಾರೆ’ ಎಂಬುದನ್ನೇ ದಾಖಲೆಯೆಂದು ನಂಬಿದರೆ, ಅದೇ ಹಳೆಯ ಗುಂಡಿಗೆ ಬೇರೆ ದಾರಿಯಿಂದ ಹೋಗಿ ಬಿದ್ದಂತಾಗುತ್ತದೆ.

ಬರೆದಿಡುವುದು, ಸಾಕ್ಷಿ ಇಡುವುದು ಅಪನಂಬಿಕೆಯ ಗುರುತಲ್ಲ. ಕುರ್‌ಆನಿನ ಅತ್ಯಂತ ಉದ್ದದ ಸೂಕ್ತ ಅಲ್‌ಬಕರದ 282ನೆಯದು. ಸಾಲದ ವ್ಯವಹಾರವನ್ನು ಸಣ್ಣದಿರಲಿ ದೊಡ್ಡದಿರಲಿ ಬರೆದಿಡುವ, ಸಾಕ್ಷಿಗಳನ್ನು ನಿಲ್ಲಿಸುವ ಆದೇಶ ಅದರಲ್ಲಿದೆ. ಪ್ರವಾದಿ(ಸ) ಮದೀನಾಕ್ಕೆ ಬಂದು ಮಸೀದಿ ಕಟ್ಟಲು ಬಯಸಿದ ಜಾಗ ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಹುಡುಗರದಾಗಿತ್ತು. ಅಲ್ಲಿ ಖರ್ಜೂರ ಒಣಗಿಸುತ್ತಿದ್ದರು. ಹುಡುಗರು ಉಚಿತವಾಗಿಯೇ ಕೊಡುತ್ತೇವೆ ಎಂದರೂ ಪ್ರವಾದಿ(ಸ) ಒಪ್ಪದೆ ಬೆಲೆ ಕೊಟ್ಟೇ ಪಡೆದರೆಂದು ಬುಖಾರಿಯಲ್ಲಿದೆ. ಹ. ಉಮರ್(ರ) ಕೂಡ ಖೈಬರಿನಲ್ಲಿ ಒಳ್ಳೆಯ ಜಮೀನು ಕೈಗೆ ಬಂದಾಗ ಅದನ್ನು ಏನು ಮಾಡಲಿ ಎಂದು ಪ್ರವಾದಿ(ಸ)ರ ಬಳಿ ಬಂದು ಕೇಳಿದರು. ಅವರ ಸಲಹೆಯಂತೆ ಅದು ವಕ್ಫ್ ಆಯಿತು. ಜಮೀನಿನ ವಿಷಯದಲ್ಲಿ ತಿಳಿದವರನ್ನು ಮೊದಲು ಕೇಳುವುದು ಸಹಾಬಿಗಳ ರೂಢಿ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ. ಇನ್ನೊಬ್ಬರ ನೆಲವನ್ನು ಒಂದು ಗೇಣಿನಷ್ಟು ಅನ್ಯಾಯವಾಗಿ ಕಬಳಿಸಿದವನ ಕೊರಳಿಗೆ ಕಿಯಾಮತ್ ದಿನ ಏಳು ಭೂಮಿಗಳ ಭಾರ ಬೀಳುತ್ತದೆ ಎಂಬ ಹದೀಸನ್ನೂ ನಾವೆಲ್ಲ ಕೇಳಿದ್ದೇವೆ. ಮಾರುವವನು ಮೋಸ ಮಾಡಿದ, ನನಗೇನು ಗೊತ್ತು ಎನ್ನುವುದಕ್ಕಿಂತ, ಗೊತ್ತು ಮಾಡಿಕೊಳ್ಳುವ ದಾರಿಗಳಿದ್ದೂ ನೋಡಲಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟ.

ಆ ದಾರಿಗಳೇನು ಎಂಬುದಕ್ಕೆ ಬರೋಣ.

ಪಹಣಿ ಎಲ್ಲರಿಗೂ ಗೊತ್ತು. ‘ಭೂಮಿ’ ಯೋಜನೆ ಬಂದ ಮೇಲೆ ಅದನ್ನು ಮೊಬೈಲಿನಲ್ಲೂ ನೋಡಬಹುದು. ಆದರೆ ಹೆಚ್ಚಿನವರು ಮಾಲೀಕರ ಹೆಸರು ನೋಡಿ ಮಡಚಿಡುತ್ತಾರೆ. ಹೆಸರಿನ ಪಕ್ಕದಲ್ಲಿ ಆ ಹೆಸರು ಹೇಗೆ ಬಂತು ಎಂಬುದೂ ಇರುತ್ತದೆ. ಕ್ರಯದಿಂದ ಬಂತೇ, ವಿಭಾಗದಿಂದ ಬಂತೇ, ಪೌತಿಯಿಂದ ಬಂತೇ, ಸರ್ಕಾರದ ಮಂಜೂರಾತಿಯಿಂದ ಬಂತೇ? ಬ್ಯಾಂಕಿನ, ಸೊಸೈಟಿಯ ಸಾಲ ಋಣಗಳ ಕಾಲಮ್ಮಿನಲ್ಲಿ ಕಾಣುತ್ತದೆ. ಖರಾಬು ಎಷ್ಟು ಗುಂಟೆ ಎಂಬುದು ಬೇರೆ ಇರುತ್ತದೆ. ಬಿ ಖರಾಬು ಎಂದರೆ ಹಳ್ಳ, ದಾರಿ, ಕಾಲುವೆಯಂಥ ಸಾರ್ವಜನಿಕ ಜಾಗ. ಸರ್ವೆ ನಂಬರಿನೊಳಗೇ ಇದ್ದರೂ ಮಾರುವವನಿಗೆ ಅದರ ಮೇಲೆ ಹಕ್ಕಿಲ್ಲ. ನಮ್ಮ ಊರಿನ ಹೆಸರಿನಲ್ಲೇ ಕೆರೆ ಇದೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ತೂಬು, ಸೀಳುಗಾಲುವೆ, ಬಂಡಿದಾರಿ ಇಲ್ಲದ ಬಯಲು ಕಡಿಮೆ. ಆದ್ದರಿಂದ ಗ್ರಾಮ ನಕ್ಷೆಯನ್ನೂ ಪಹಣಿಯನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಬೇಸಿಗೆಯಲ್ಲಿ ಒಣಗಿದ ಗದ್ದೆಯನ್ನು ತೋರಿಸಿ ನಿವೇಶನ ಎಂದರೆ, ನಾಲೆಗೆ ನೀರು ಬಿಟ್ಟ ತಿಂಗಳಲ್ಲಿ ಇನ್ನೊಮ್ಮೆ ಹೋಗಿ ನಿಂತು ನೋಡುವುದು ಒಳ್ಳೆಯದು.

ಒಂದು ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಕಡ್ಡಾಯ. ಭೂಮಾಪಕರು ಬಂದು ಅಳೆದು, ನಿಮ್ಮ ತುಂಡು ಯಾವುದು ಎಂದು ಗೆರೆ ಹಾಕಿ ಕೊಡುವ ನಕ್ಷೆ ಅದು. ‘ನಂಬರ್ ದೊಡ್ಡದಿದೆ, ನಿಮ್ಮ ಹತ್ತು ಗುಂಟೆ ಎಲ್ಲಾದರೂ ಬರುತ್ತೆ’ ಎಂಬ ಮಾತಿಗೆ ಕಾನೂನಿನಲ್ಲೂ ಬೆಲೆಯಿಲ್ಲ, ಶರೀಅತ್‌ನಲ್ಲೂ ಇಲ್ಲ. ಯಾವ ವಸ್ತು ಎಂದು ಸ್ಪಷ್ಟವಾಗದ ಮಾರಾಟ ಗರರ್ ಆಗುತ್ತದೆ.

ಮೂರನೆಯ ಕಾಗದ ಋಣಭಾರ ಪತ್ರ, ಜನರ ಬಾಯಲ್ಲಿ ಇ.ಸಿ. ಕಾವೇರಿ ತಂತ್ರಾಂಶದಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ. ಕನಿಷ್ಠ ಮೂವತ್ತು ವರ್ಷದ್ದು ತೆಗೆಸಿ ಎಂದು ವಕೀಲರು ಹೇಳುವುದುಂಟು. ಇದರ ಮಿತಿಯನ್ನು ನಮ್ಮವರು ವಿಶೇಷವಾಗಿ ತಿಳಿದಿರಬೇಕು. ನೋಂದಣಿಯಾದ ವ್ಯವಹಾರ ಮಾತ್ರ ಇ.ಸಿ.ಯಲ್ಲಿ ಕಾಣುತ್ತದೆ. ಬಾಯಿಮಾತಿನ ಪಾಲುಪಟ್ಟಿ ಕಾಣುವುದಿಲ್ಲ. ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಸಾಮಾನ್ಯವಾಗಿ ಕಾಣುವುದಿಲ್ಲ. ಮುಸ್ಲಿಮರಲ್ಲಿ ಹಿಬಾ, ಅಂದರೆ ದಾನ, ಘೋಷಣೆ, ಒಪ್ಪಿಗೆ ಮತ್ತು ಸ್ವಾಧೀನ ಈ ಮೂರೂ ಇದ್ದರೆ ಬಾಯಿಮಾತಿನಲ್ಲೇ ಸಿಂಧುವಾಗುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ 129ನೇ ಕಲಮು ಇದಕ್ಕೆ ಅವಕಾಶ ಕೊಟ್ಟಿದೆ. ತಾಯಿ ಇಪ್ಪತ್ತು ವರ್ಷದ ಹಿಂದೆ ಕಿರಿಯ ಮಗನಿಗೆ ಹಿಬಾ ಮಾಡಿ ಸ್ವಾಧೀನ ಕೊಟ್ಟ ಹೊಲವನ್ನು ಇಂದು ಹಿರಿಯ ಮಗ ಮಾರಿದರೆ, ಇ.ಸಿ. ಖಾಲಿಯಾಗಿಯೇ ಇರುತ್ತದೆ. ಆದ್ದರಿಂದ ಕಾಗದದ ಜೊತೆ ಜಮೀನಿಗೂ ಹೋಗಬೇಕು. ಅಲ್ಲಿ ಉಳುತ್ತಿರುವವರು ಯಾರು, ತೆಂಗಿನಕಾಯಿ ಇಳಿಸುವವರು ಯಾರು, ಕಬ್ಬು ಯಾರ ಹೆಸರಿನಲ್ಲಿ ಕಾರ್ಖಾನೆಗೆ ಹೋಗುತ್ತದೆ ಎಂದು ಅಕ್ಕಪಕ್ಕದ ಗದ್ದೆಯವರನ್ನು ಕೇಳಬೇಕು. ಚಕ್ಕುಬಂದಿಯವರಿಗಿಂತ ಒಳ್ಳೆಯ ಸಾಕ್ಷಿ ಇನ್ನೊಬ್ಬರಿಲ್ಲ.

ಇನ್ನು ನಾವು ಈ ಲೇಖನವನ್ನು ಬರೆಯಲು ಮುಖ್ಯ ಕಾರಣವಾದ ವಿಷಯ: ಅಕ್ಕತಂಗಿಯರ ಪಾಲು.

ಇಸ್ಲಾಮಿನ ಉತ್ತರಾಧಿಕಾರದಲ್ಲಿ ಒಬ್ಬರ ಮರಣದ ಕ್ಷಣದಲ್ಲೇ, ಸಾಲ ಮತ್ತು ವಸಿಯ್ಯತ್ ಕಳೆದು, ವಾರಸುದಾರರೆಲ್ಲರಿಗೂ ನಿಶ್ಚಿತ ಪಾಲು ಸೇರುತ್ತದೆ. ಪಹಣಿಯಲ್ಲಿ ಹೆಸರು ಬಂದಿದೆಯೋ ಇಲ್ಲವೋ ಎಂಬುದು ಬೇರೆ ಮಾತು. ಲೆಕ್ಕ ಹಾಕಿ ನೋಡೋಣ. ತಂದೆ ಎರಡು ಎಕರೆ, ಅಂದರೆ 80 ಗುಂಟೆ ಬಿಟ್ಟು ತೀರಿಕೊಂಡರು. ಅವರ ತಂದೆತಾಯಿ ಇಲ್ಲ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಹೆಂಡತಿಗೆ ಎಂಟರಲ್ಲೊಂದು, 10 ಗುಂಟೆ. ಉಳಿದ 70ರಲ್ಲಿ ಗಂಡುಮಕ್ಕಳಿಗೆ ತಲಾ 28, ಮಗಳಿಗೆ 14. ಒಂದು ಗುಂಟೆ 1,089 ಚದರ ಅಡಿ. ಮಗಳ 14 ಗುಂಟೆ ಎಂದರೆ 15,246 ಚದರ ಅಡಿ. 30–40ರ ಹನ್ನೆರಡು ನಿವೇಶನಗಳ ಅಳತೆಗೂ ಅದು ಹೆಚ್ಚು. ಇಷ್ಟು ದೊಡ್ಡ ಆಸ್ತಿಯನ್ನು ‘ಅವಳಿಗೆ ಮದುವೆಯಲ್ಲೇ ಕೊಟ್ಟಾಯಿತು’ ಎಂಬ ಒಂದು ವಾಕ್ಯದಲ್ಲಿ ಮುಗಿಸುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಮದುವೆಗೆ ಮಾಡಿದ ಖರ್ಚು ವಿರಾಸತ್ ಅಲ್ಲ ಎಂದು ಎಷ್ಟು ಖುತ್ಬಾಗಳಲ್ಲಿ ಹೇಳಿದರೂ ಅದು ಮಸೀದಿಯ ಬಾಗಿಲಲ್ಲೇ ಉಳಿದುಬಿಡುತ್ತದೆ.

ಕೊಳ್ಳುವವರಿಗೆ ಇದರಿಂದ ಏನು? ಅಣ್ಣತಮ್ಮಂದಿರಷ್ಟೇ ಸಹಿ ಹಾಕಿದ ಕ್ರಯಪತ್ರದಿಂದ ನಿಮಗೆ ಬರುವುದು ಅಣ್ಣತಮ್ಮಂದಿರ ಪಾಲು ಮಾತ್ರ. ತಾಯಿಯ 10, ತಂಗಿಯ 14 ಗುಂಟೆ ನಿಮ್ಮದಾಗಿಲ್ಲ. ನೀವು ಮನೆ ಕಟ್ಟಿ, ಮಕ್ಕಳು ದೊಡ್ಡವರಾದ ಮೇಲೆ ಅವರ ಮಕ್ಕಳು ದಾವೆ ಹಾಕಬಹುದು. ಹಿಂದೂ ಕುಟುಂಬದವರಿಂದ ಕೊಳ್ಳುವಾಗಲೂ ಇದೇ ಎಚ್ಚರ ಬೇಕು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಬಂದಿದೆ. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಹೀಗಾಗಿ ವಂಶವೃಕ್ಷ ಪ್ರಮಾಣಪತ್ರ ಕೇಳಿ, ಅದರಲ್ಲಿರುವ ಪ್ರತಿಯೊಬ್ಬ ಹೆಣ್ಣುಮಗಳ ಸಹಿ ಅಥವಾ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇದೆಯೇ ನೋಡಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳೇ ಇಲ್ಲ ಎಂದಿದ್ದರೆ ಊರಿನಲ್ಲಿ ಎರಡು ಮನೆ ಹೆಚ್ಚು ವಿಚಾರಿಸಿ. ಬಿಡುಗಡೆ ಪತ್ರಕ್ಕೆ ತಂಗಿ ಸಂಕೋಚಕ್ಕೆ ಸಹಿ ಹಾಕಿದಳೇ, ಮನಸ್ಸಿನಿಂದ ಹಾಕಿದಳೇ ಎಂದು ಸಬ್ ರಿಜಿಸ್ಟ್ರಾರ್ ಕೇಳುವುದಿಲ್ಲ. ನಾವು ಕೇಳಬಹುದು.

ಮಂಜೂರಾದ ಜಮೀನಿನ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಆ ಕ್ರಯ ಅಸಿಂಧು. ಜಮೀನು ಮೂಲ ಕುಟುಂಬಕ್ಕೆ ಮರಳುತ್ತದೆ, ಕೊಂಡವರಿಗೆ ಪರಿಹಾರವಿಲ್ಲ. ನಡುವೆ ನಾಲ್ಕು ಕೈ ದಾಟಿ ಬಂದಿದ್ದರೂ ಅಷ್ಟೇ. ತುಂಬಾ ವರ್ಷ ಕಳೆದಿದೆ ಎಂಬ ವಾದಕ್ಕೂ 2023ರ ತಿದ್ದುಪಡಿ ಅವಕಾಶ ಉಳಿಸಿಲ್ಲ. ಕೆಲವರು ಇದನ್ನು ಕೊಳ್ಳುವವರಿಗೆ ಆಗುವ ಅನ್ಯಾಯ ಎನ್ನುತ್ತಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ಕಷ್ಟಕ್ಕೆ ಸಿಕ್ಕಿದ ಬಡವನಿಂದ ಅರ್ಧ ಬೆಲೆಗೆ ಬರೆಸಿಕೊಳ್ಳುವುದನ್ನು ತಡೆಯಲೆಂದೇ ಬಂದ ಕಾನೂನು ಅದು. ಪಹಣಿಯಲ್ಲಿ ಮಂಜೂರಾತಿ ಎಂದು ಕಂಡರೆ ಮೂಲ ಸಾಗುವಳಿ ಚೀಟಿಯನ್ನು ತೆಗೆಸಿ ಓದಬೇಕು.

ವಕ್ಫ್ ಆಸ್ತಿಯ ಬಗ್ಗೆ ಒಂದು ಮಾತು. ಮುತವಲ್ಲಿಯಾಗಲಿ, ಕಮಿಟಿಯಾಗಲಿ ಅದನ್ನು ಮಾರುವಂತಿಲ್ಲ. 2013ರಲ್ಲಿ ಸೇರಿಸಿದ 104ಎ ಕಲಮು ಮಾರಾಟ, ದಾನ, ವಿನಿಮಯ, ಅಡಮಾನ ಎಲ್ಲವನ್ನೂ ನಿಷೇಧಿಸಿದೆ. ಮಸೀದಿ, ದರ್ಗಾ, ಖಬರಸ್ತಾನದ ಅಂಚಿನ ಜಮೀನು ಅಗ್ಗಕ್ಕೆ ಬಂದರೆ ವಕ್ಫ್ ಮಂಡಳಿಯ ದಾಖಲೆ ನೋಡದೆ ಮುಂದುವರಿಯಬೇಡಿ.

ಈಗ ಹೆಚ್ಚು ಜಾಹೀರಾತು ಕಾಣುವ ‘ರೆವಿನ್ಯೂ ಸೈಟು’ಗಳಿಗೆ ಬರೋಣ. ಕೃಷಿ ಜಮೀನನ್ನು ಭೂಪರಿವರ್ತನೆ ಮಾಡಿಸದೆ, ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದು, ನಿವೇಶನ ಎಂದು ಮಾರುವುದು ಇದು. ಇಂಥ ತುಂಡಿಗೆ ನೇರ ಕ್ರಯಪತ್ರ ಆಗದಿದ್ದಾಗ ಕರಾರು ಪತ್ರ, ಜಿ.ಪಿ.ಎ., ಮರಣಶಾಸನ ಈ ಮೂರನ್ನು ಒಟ್ಟಿಗೆ ಕೊಟ್ಟು ‘ಇದೇ ರಿಜಿಸ್ಟ್ರೇಷನ್ ಇದ್ದ ಹಾಗೆ’ ಎನ್ನುತ್ತಾರೆ. ಅಲ್ಲ. ಜಿ.ಪಿ.ಎ. ಮೂಲಕ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ತೀರ್ಪು ಕೊಟ್ಟಿದೆ. ಸರಿಯಾದ ಬಡಾವಣೆಗೆ ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರದಿಂದ ಮಂಜೂರಾದ ನಕ್ಷೆ, ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇರಬೇಕು. ಬಡಾವಣೆ 500 ಚದರ ಮೀಟರ್ ಮೀರಿದ್ದರೆ ರೇರಾ ನೋಂದಣಿಯೂ ಬೇಕು. 500 ಚದರ ಮೀಟರ್ ಎಂದರೆ ಐದು ಗುಂಟೆಯೂ ಪೂರ್ತಿ ಆಗುವುದಿಲ್ಲ. ಅಂದಮೇಲೆ ನೀವು ನೋಡುವ ಬಹುತೇಕ ಎಲ್ಲ ಬಡಾವಣೆಗಳೂ ಅದರೊಳಗೆ ಬರುತ್ತವೆ. ನೋಂದಣಿ ಸಂಖ್ಯೆಯನ್ನು ಫಲಕದಲ್ಲಿ ನೋಡಿ ಸುಮ್ಮನಾಗದೆ ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿ ನೋಡಿ. ಇಂಥ ಬಡಾವಣೆಯವರು ನೋಂದಾಯಿತ ಕರಾರು ಮಾಡಿಕೊಡದೆ ಒಟ್ಟು ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ.

‘ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲೇ’ ಎಂಬ ಮಾತಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ಆ ರಸ್ತೆಗೆ ಎಲ್ಲೆಂದರಲ್ಲಿ ಹತ್ತಲು ಆಗುವುದಿಲ್ಲ. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವೂ ಇಲ್ಲ. ಬೇಲಿಯ ಆಚೆ ಕಾರು ಓಡುವುದು ಕಾಣುತ್ತದೆ ಎಂದಮಾತ್ರಕ್ಕೆ ನಿಮ್ಮ ನಿವೇಶನಕ್ಕೆ ದಾರಿಯಿದೆ ಎಂದಲ್ಲ. ಸರ್ವೀಸ್ ರಸ್ತೆ ಎಲ್ಲಿ ಸೇರುತ್ತದೆ, ಅಲ್ಲಿಂದ ನಿವೇಶನಕ್ಕೆ ಬರುವ ದಾರಿ ನಕ್ಷೆಯಲ್ಲಿದೆಯೇ ಅಥವಾ ಯಾರದೋ ಗದ್ದೆಯ ಬದುವೇ ಎಂದು ನಡೆದು ನೋಡಿ. ಹೊಸ ರಸ್ತೆ ಎಲ್ಲರ ಬೆಲೆಯನ್ನೂ ಏರಿಸುವುದಿಲ್ಲ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮದ್ದೂರಿನ ಹಳೆ ಹೆದ್ದಾರಿಯ ವಡೆ ಹೋಟೆಲಿನವರನ್ನು ಕೇಳಿದರೆ ಸಾಕು.

ಹಣದ ಲೆಕ್ಕಕ್ಕೂ ಪಾಠ ಬೇಕು. ನಿವೇಶನದ ಬೆಲೆಯ ಮೇಲೆ ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1 ಇದ್ದದ್ದು 2 ಆಗಿದೆ. ಹತ್ತು ಲಕ್ಷದ ನಿವೇಶನಕ್ಕೆ ಇವುಗಳಿಗೇ 75 ಸಾವಿರ ರೂಪಾಯಿಗೂ ಹೆಚ್ಚು ತೆಗೆದಿಡಬೇಕು. ವಕೀಲರ ಶುಲ್ಕ, ಬ್ರೋಕರ್ ಕಮಿಷನ್ ಬೇರೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಇದ್ದಬದ್ದ ಹಣವೆಲ್ಲ ಅಡ್ವಾನ್ಸಿಗೆ ಸುರಿದವರು ಕೊನೆಯಲ್ಲಿ ಬಡ್ಡಿ ಸಾಲಕ್ಕೆ ಹೋಗುತ್ತಾರೆ. ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಕಡಿಮೆ ಮೊತ್ತ ಬರೆಸಿ ಉಳಿದದ್ದನ್ನು ನಗದಾಗಿ ಕೊಡುವುದು ಸಾಮಾನ್ಯವಾಗಿದೆ. ಸಾಮಾನ್ಯವಾದದ್ದೆಲ್ಲ ಹಲಾಲ್ ಆಗುವುದಿಲ್ಲ. ಅದು ಸುಳ್ಳು ಸಾಕ್ಷ್ಯ. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲೂ ಅಷ್ಟೇ ಮೊತ್ತದ ದಂಡವಿದೆ. ವ್ಯವಹಾರ ಮುರಿದುಬಿದ್ದರೆ ನಗದು ಕೊಟ್ಟದ್ದಕ್ಕೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಟೋಕನ್ ಅಡ್ವಾನ್ಸಿನ ಬಗ್ಗೆ ಆಲಿಮರನ್ನು ಕೇಳುವವರು ಕಡಿಮೆ. ಕೊಳ್ಳುವವರು ಹಿಂದೆ ಸರಿದರೆ ಅಡ್ವಾನ್ಸನ್ನು ನುಂಗಿಹಾಕುವುದನ್ನು ಹನಫಿ, ಶಾಫಿಈ, ಮಾಲಿಕಿ ಮದ್‌ಹಬ್‌ಗಳು ಒಪ್ಪುವುದಿಲ್ಲ. ಹನ್‌ಬಲಿ ಮದ್‌ಹಬ್‌ನಲ್ಲಿ ಅವಕಾಶವಿದೆ. ಹಾಗೆಯೇ ಕರಾರು ಪತ್ರವೊಂದನ್ನೇ ಹಿಡಿದು, ಜಮೀನು ತನ್ನದಾಗುವ ಮೊದಲೇ ಇನ್ನೊಬ್ಬರಿಗೆ ಹೆಚ್ಚಿನ ಬೆಲೆಗೆ ಮಾರುವುದು. ತನ್ನ ಬಳಿ ಇಲ್ಲದ್ದನ್ನು ಮಾರಬೇಡ ಎಂದು ಪ್ರವಾದಿ(ಸ) ಹಕೀಮ್ ಬಿನ್ ಹಿಝಾಮ್(ರ)ರಿಗೆ ಹೇಳಿದ್ದು ಇಂಥದ್ದಕ್ಕೇ ಅನ್ವಯಿಸುತ್ತದೆ. ಕಾನೂನಿನಲ್ಲೂ ಕರಾರು ಪತ್ರದಿಂದ ಒಡೆತನ ಬರುವುದಿಲ್ಲ. ಕೊಳ್ಳುವ ಮನಸ್ಸಿಲ್ಲದವರನ್ನು ಕರೆತಂದು ಬೆಲೆ ಏರಿಸುವುದು ನಜಶ್. ‘ಬೆಂಗಳೂರಿನ ಪಾರ್ಟಿ ನಾಳೆಯೇ ಬರುತ್ತಿದೆ’ ಎಂಬ ಮಾತು ಅದರ ಇಂದಿನ ರೂಪ. ಬ್ರೋಕರ್ ಕಮಿಷನ್ ತಪ್ಪಲ್ಲ. ಎರಡೂ ಕಡೆಯಿಂದ ಎಷ್ಟು ಪಡೆಯುತ್ತೇನೆ ಎಂದು ಇಬ್ಬರಿಗೂ ಹೇಳಬೇಕು.

ಭಾವ, ಮೈದುನ, ದುಬೈಯಲ್ಲಿರುವ ತಮ್ಮ ಎಲ್ಲರೂ ಸೇರಿ ಒಂದು ಎಕರೆ ಕೊಳ್ಳುವುದಾದರೆ, ಯಾರು ಎಷ್ಟು ಹಾಕಿದರು, ಲಾಭ ಯಾವ ಪ್ರಮಾಣದಲ್ಲಿ, ನಷ್ಟ ಬಂಡವಾಳಕ್ಕೆ ತಕ್ಕಂತೆ ಹೇಗೆ, ಒಬ್ಬರು ತೀರಿಕೊಂಡರೆ ಪಾಲು ಯಾರಿಗೆ ಎಂದು ಬರೆದುಕೊಳ್ಳಿ. ಮನೆಯ ಹೆಣ್ಣುಮಗಳ ಮಹರ್ ಅಥವಾ ಒಡವೆ ಮಾರಿದ ಹಣ ಅದರಲ್ಲಿದ್ದರೆ ಕ್ರಯಪತ್ರದಲ್ಲಿ ಅವಳ ಹೆಸರೂ ಇರಬೇಕು. ಇದು ಔದಾರ್ಯವಲ್ಲ, ಅವಳ ಹಣ.

ನಮ್ಮ ಎಷ್ಟೋ ಮನೆಗಳಲ್ಲಿ ಮಾತು ಉರ್ದು, ಪತ್ರವೆಲ್ಲ ಕನ್ನಡ. ಹಿರಿಯರು ಸಹಿ ಹಾಕುವ ಮೊದಲು ಕಾಲೇಜಿಗೆ ಹೋಗುವ ಮಗಳನ್ನೋ ಮೊಮ್ಮಗನನ್ನೋ ಕೂರಿಸಿ ಇಡೀ ಕ್ರಯಪತ್ರವನ್ನು ಗಟ್ಟಿಯಾಗಿ ಓದಿಸಿ ಕೇಳಲಿ. ಚಕ್ಕುಬಂದಿ, ಸರ್ವೆ ನಂಬರು, ವಿಸ್ತೀರ್ಣ ಮೂರನ್ನೂ ಪಹಣಿಯೊಂದಿಗೆ ತಾಳೆ ನೋಡಲಿ. ಮೂಲ ಪತ್ರಗಳನ್ನು ಮಾರುವವರ ವಕೀಲರಿಗಲ್ಲದೆ ನಿಮ್ಮದೇ ಆದ ಬೇರೆ ವಕೀಲರಿಗೆ ತೋರಿಸಿ. ಇಸ್ತಿಖಾರಾ ನಮಾಝ್ ಇವೆಲ್ಲದರ ಜೊತೆಗೆ ಮಾಡಬೇಕಾದದ್ದು, ಇವುಗಳ ಬದಲಿಗೆ ಅಲ್ಲ.

ಕೊನೆಯದಾಗಿ ಝಕಾತ್. ವಾಸಕ್ಕೆ ಮನೆ ಕಟ್ಟಲೆಂದು ಕೊಂಡ ನಿವೇಶನಕ್ಕೆ ಝಕಾತ್ ಇಲ್ಲ. ಬೆಲೆ ಬಂದಾಗ ಮಾರಲೆಂದೇ ಕೊಂಡದ್ದಾದರೆ, ಬಹುಪಾಲು ವಿದ್ವಾಂಸರ ಅಭಿಪ್ರಾಯದಂತೆ ಅದು ವ್ಯಾಪಾರದ ಸರಕು. ಪ್ರತಿ ವರ್ಷ ಅಂದಿನ ಮಾರುಕಟ್ಟೆ ಬೆಲೆಯ ನೂರಕ್ಕೆ ಎರಡೂವರೆ ಕೊಡಬೇಕು. 12 ಲಕ್ಷ ಬೆಲೆಯ ನಿವೇಶನಕ್ಕೆ ವರ್ಷಕ್ಕೆ 30,000 ರೂಪಾಯಿ. ಬಾಡಿಗೆ ಬರದ, ಐದು ವರ್ಷ ಮಾರಾಟವಾಗದ ನಿವೇಶನಕ್ಕೂ ಈ ಹಣವನ್ನು ಬೇರೆ ಆದಾಯದಿಂದ ತರಬೇಕಾಗುತ್ತದೆ. ಕೊಳ್ಳುವ ದಿನದ ನಿಯ್ಯತ್ತನ್ನು ಕ್ರಯಪತ್ರದ ಲಕೋಟೆಯ ಮೇಲೆಯೇ ಬರೆದಿಟ್ಟರೆ, ಮುಂದಿನ ರಮಝಾನಿನಲ್ಲಿ ಲೆಕ್ಕ ಹಾಕಲು ಸುಲಭ.